ಒಂದೇ ತೊಟ್ಟಿಯಲ್ಲಿ ದೊಡ್ಡಾಮೆ, ಸಣ್ಣಾಮೆ

ಕೋಟೇಶ್ವರದಲ್ಲಿ ನನ್ನ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಎರಡಡಿ ಉದ್ದದ ಒಂದು ಗಾಜಿನ ತೊಟ್ಟಿ ಇತ್ತು. ಅದರೊಳಗೆ ಎರಡು ಆಮೆ. ಒಂದು ನನ್ನ ಅಂಗೈಗಿಂತ ದೊಡ್ಡದು, ಮೂರು ವರ್ಷದ ಹಿಂದೆ ತಂದದ್ದು. ಇನ್ನೊಂದು ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. “ಪಾಪ, ಒಂದಕ್ಕೇ ಬೇಜಾರಾತ್ತ್” ಎಂದು ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳ ಜೊತೆ ಹೋಗಿ ತಂದಿದ್ದರು. ತೊಟ್ಟಿಯ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ದೊಡ್ಡದು, ದೊಡ್ಡದರ ಬೆನ್ನ ಮೇಲೆ ಸಣ್ಣದು. “ಕಾಣ್ ಮಗಾ, ಎಷ್ಟ್ ಪ್ರೀತಿ ಅವ್ಕೆ! ಬೆನ್ನ್ ಬಿಟ್ಟ್ ಇಳೂದೇ ಇಲ್ಲ” ಎಂದು ಚಿಕ್ಕಮ್ಮ ತೋರಿಸಿದರು. ನಾನೂ ಖುಷಿಯಿಂದ ಫೋಟೊ ತೆಗೆದುಕೊಂಡೆ.

ಆಸಾಡಿ ಅಮಾಸೆಗೆ ಮತ್ತೆ ಹೋದಾಗ ಸಣ್ಣದರ ಬಾಲದ ತುದಿ ಇರಲಿಲ್ಲ. ಹಿಂಗಾಲಿನ ಒಂದು ಬೆರಳೂ ಇರಲಿಲ್ಲ. ಕಣ್ಣೆರಡೂ ಊದಿ ಮುಚ್ಚಿಕೊಂಡಿದ್ದವು. ಕಲ್ಲು ತಾಗಿರಬೇಕು ಎಂದು ಮನೆಯವರು ಅಂದುಕೊಂಡಿದ್ದರು. ಶ್ರಾವಣ ಮುಗಿಯುವ ಮೊದಲೇ ಅದು ಸತ್ತಿತು. ಕಚ್ಚಿದ್ದು ಕಲ್ಲಲ್ಲ ಎನ್ನುವುದು ನಮಗೆಲ್ಲ ತಿಳಿದದ್ದು ಆಮೇಲೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಜಗಲಿಯಲ್ಲೋ ಅಂಗಳದ ಬಾನಿಯಲ್ಲೋ ಆಮೆ ಸಾಕುವ ಮನೆಗಳು ಇನ್ನೂ ಇವೆ. ಅಲ್ಲೆಲ್ಲ ಇದೇ ತಪ್ಪು ಆಗಬಾರದು ಎಂದು ಇಷ್ಟು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಆಮೆ ಎಂದು ನೋಡಿಕೊಳ್ಳಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಹಸಿರು ಮೈ, ಕತ್ತಿನಲ್ಲಿ ಹಳದಿ ಗೆರೆಗಳಿದ್ದರೆ ಅದು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯದು. ‘ರೆಡ್ ಇಯರ್ಡ್ ಸ್ಲೈಡರ್’ ಎಂಬ ಹೆಸರಿನ ಈ ಆಮೆಯನ್ನೇ ಅಕ್ವೇರಿಯಂ ಅಂಗಡಿಗಳಲ್ಲಿ ಮನೆಗೆ ಅದೃಷ್ಟ ತರುತ್ತದೆಂದು ಹೇಳಿ ಮಾರುವುದು. ಮಳೆಗಾಲದಲ್ಲಿ ಗದ್ದೆಯಂಚಿನಲ್ಲಿ, ಮದಗದ ಬದಿಯಲ್ಲಿ ಸಿಗುವ ಕಪ್ಪು ಚಿಪ್ಪಿನ ಆಮೆ, ಹಿಂಗಾಲನ್ನು ಚರ್ಮದ ಮುಚ್ಚಳದಡಿ ಎಳೆದುಕೊಳ್ಳುವ ಮೆದುಚಿಪ್ಪಿನ ಆಮೆ, ಘಟ್ಟದ ಮೇಲಿನಿಂದ ಯಾರೋ ತಂದುಕೊಟ್ಟ ನಕ್ಷತ್ರ ಆಮೆ, ಇವು ಸಾಕುವ ಆಮೆಗಳೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ನೆಲದ ಆಮೆಗಳನ್ನು ಕಾಯುತ್ತದೆ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ ನಕ್ಷತ್ರ ಆಮೆಯೂ ಮೊದಲನೆಯ ಅನುಸೂಚಿಗೆ ಸೇರಿದೆ. ಆ ಅನುಸೂಚಿಯ ಜೀವಿಯನ್ನು ಹಿಡಿದಿಟ್ಟುಕೊಂಡರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಾವಿಯ ನೀರು ಚೊಕ್ಕಟವಾಗಿರಲಿ ಎಂದು ಹಿಂದಿನವರು ಆಮೆ ಬಿಡುತ್ತಿದ್ದದ್ದುಂಟು. ನೇರ ಗೋಡೆಯ ಬಾವಿಯಲ್ಲಿ ಆಮೆಗೆ ಹತ್ತಿ ಕೂರಲು ಜಾಗವಿಲ್ಲ, ಬಿಸಿಲೂ ಇಲ್ಲ. ಆ ರೂಢಿ ಬಿಟ್ಟುಹೋದದ್ದೇ ಒಳ್ಳೆಯದಾಯಿತು. ಕೋಡಿಯ ಕಡಲತೀರದಲ್ಲಿ ಮೊಟ್ಟೆಯೊಡೆದು ಬರುವ ಕಡಲಾಮೆಯ ಮರಿಯನ್ನು ಮಕ್ಕಳು ಬಕೆಟಿನಲ್ಲಿ ಮನೆಗೆ ತರುವುದಂತೂ ಕೂಡದು. ಅದು ಉಪ್ಪುನೀರಿನ ಜೀವಿ, ಬಾವಿಯ ನೀರಿನಲ್ಲಿ ಬದುಕುವುದಿಲ್ಲ.

ಇಲ್ಲಿಂದ ಮುಂದೆ ಹೇಳುವುದು ಅಂಗಡಿಯಿಂದ ತಂದ, ಈಗಾಗಲೇ ನಿಮ್ಮ ಮನೆ ಸೇರಿರುವ ಕೆಂಪು ಪಟ್ಟೆಯ ಆಮೆಯ ವಿಷಯ.

ಆಮೆಗೆ ಬೇಜಾರಾಗುತ್ತದೆ ಎಂಬುದು ನಾವು ನಮ್ಮ ಮನಸ್ಸಿನಿಂದ ಅದಕ್ಕೆ ಕೊಟ್ಟ ಗುಣ. ನಾಯಿಯಂತೆ, ದನದಂತೆ ಅದು ಗುಂಪಿನಲ್ಲಿ ಬಾಳುವ ಪ್ರಾಣಿಯಲ್ಲ. ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹೋದ ತಾಯಿ ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಹುಟ್ಟಿದ ಕ್ಷಣದಿಂದ ಅದು ಒಂಟಿ, ಒಂಟಿಯಾಗಿಯೇ ಸುಖವಾಗಿರುತ್ತದೆ. ಹೊಳೆಯಲ್ಲಿ ಒಂದೇ ದಿಮ್ಮಿಯ ಮೇಲೆ ಹತ್ತು ಆಮೆ ಕೂತಿದ್ದರೆ ಅವು ಗೆಳೆಯರೆಂದಲ್ಲ, ಬಿಸಿಲು ಬೀಳುವ ದಿಮ್ಮಿ ಅಲ್ಲಿ ಅದೊಂದೇ ಎಂದು. ಚಿಕ್ಕಮ್ಮನ ತೊಟ್ಟಿಯಲ್ಲಿ ನಾವು ಕಂಡ ‘ಪ್ರೀತಿ’ಯೂ ಅದೇ. ಒಣಗಿದ ಜಾಗ ಒಂದೇ ಇತ್ತು, ಅದನ್ನು ದೊಡ್ಡದು ಹಿಡಿದುಕೊಂಡಿತ್ತು. ಸಣ್ಣದಕ್ಕೆ ನೀರಿನಿಂದ ಮೇಲೆ ಬರಲು ದೊಡ್ಡದರ ಬೆನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ದೊಡ್ಡದು ಮೇಲೆ, ಸಣ್ಣದು ಅಡಿಯಲ್ಲಿ ಎಂದು ಅದಲುಬದಲಾದರೆ ಅಡಿಯದ್ದಕ್ಕೆ ಬಿಸಿಲೇ ತಾಗುವುದಿಲ್ಲ.

ಹೊಳೆಯಲ್ಲಾದರೆ ಸಣ್ಣದು ಬೇರೆ ದಿಮ್ಮಿ ಹುಡುಕಿಕೊಂಡು ಹೋದೀತು. ಎರಡಡಿ ಗಾಜಿನಲ್ಲಿ ಎಲ್ಲಿಗೆ ಹೋಗಬೇಕು? ಗಾತ್ರದ ಅಂತರ ಅಪಾಯವಾಗುವುದು ಇಲ್ಲೇ. ಆಮೆಗೆ ಹಲ್ಲಿಲ್ಲ, ಆದರೆ ಗಿಳಿಯ ಕೊಕ್ಕಿನಂತೆ ಗಟ್ಟಿಯಾದ, ಹರಿತವಾದ ಅಂಚಿನ ಬಾಯಿ ಇದೆ. ನೀರಿನಲ್ಲಿ ಅಲುಗಾಡುವ ಸಣ್ಣ ವಸ್ತುವೆಲ್ಲ ಅದರ ಲೆಕ್ಕದಲ್ಲಿ ತಿನ್ನುವ ವಸ್ತು. ಮರಿಯ ಬಾಲ, ಕಾಲ್ಬೆರಳು, ಕತ್ತಿನ ಚರ್ಮ ಮೊದಲು ಹೋಗುವುದು ಅದಕ್ಕೇ. ತೀರ ಚಿಕ್ಕ ಮರಿಯನ್ನು ದೊಡ್ಡ ಆಮೆ ಇಡಿಯಾಗಿ ತಿಂದುಬಿಡಲೂಬಹುದು. ಕಚ್ಚದಿದ್ದರೂ ಅಪಾಯ ತಪ್ಪಿದ್ದಲ್ಲ. ಆಮೆ ಉಸಿರಾಡುವುದು ಶ್ವಾಸಕೋಶದಿಂದ, ಆಗಾಗ ಮೂಗು ಮೇಲೆತ್ತಲೇಬೇಕು. ದೊಡ್ಡದರ ಹೊಟ್ಟೆಯಡಿಯೋ ಕಲ್ಲಿನ ಸಂದಿಯಲ್ಲೋ ಸಿಕ್ಕಿಹಾಕಿಕೊಂಡ ಮರಿ ನೀರಿನ ಪ್ರಾಣಿಯಾಗಿದ್ದೂ ಮುಳುಗಿ ಸಾಯುತ್ತದೆ.

ಊಟದ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಈ ಜಾತಿಯ ಆಮೆ ನೀರಿನೊಳಗೇ ನುಂಗಬೇಕು, ನೀರಿಲ್ಲದೆ ತುತ್ತು ಇಳಿಯುವುದಿಲ್ಲ. ಹಾಗಾಗಿ ಕಾಳು ಹಾಕಿದ ಕೂಡಲೇ ಎರಡೂ ಒಂದೇ ಕಡೆ ನುಗ್ಗುತ್ತವೆ, ತುತ್ತಿಗೆ ಹಾಕಿದ ಬಾಯಿ ಪಕ್ಕದ್ದರ ಮುಖಕ್ಕೆ ಬೀಳುತ್ತದೆ. ದೊಡ್ಡದು ಮೊದಲು ತಿಂದು ಇನ್ನಷ್ಟು ಬೆಳೆಯುತ್ತದೆ, ಸಣ್ಣದು ಹೆದರಿ ಹಿಂದುಳಿದು ಸಣ್ಣದಾಗಿಯೇ ಉಳಿಯುತ್ತದೆ. ‘ಸ್ವಲ್ಪ ದಿನ ಹೋಗಲಿ, ಸಣ್ಣದೂ ಬೆಳೆದು ಸಮ ಆಗ್ತದೆ’ ಎಂದು ಕಾಯುವವರು ಇದನ್ನು ಮರೆಯುತ್ತಾರೆ. ಒಂದೇ ತೊಟ್ಟಿಯಲ್ಲಿ ಅಂತರ ಕಡಿಮೆಯಾಗುವುದಿಲ್ಲ, ತಿಂಗಳು ತಿಂಗಳಿಗೂ ಹೆಚ್ಚುತ್ತದೆ.

ಒಂದೇ ಅಳತೆಯ ಎರಡು ಮರಿ ತಂದವರೂ ನಿಶ್ಚಿಂತರಾಗುವಂತಿಲ್ಲ. ಈ ಆಮೆ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಕಾವು ಪಡೆದ ಉಷ್ಣತೆಯಿಂದ ತೀರ್ಮಾನವಾಗುತ್ತದೆ. ತಂಪಾದ ಮಣ್ಣಿನಲ್ಲಿದ್ದ ಮೊಟ್ಟೆಯಿಂದ ಗಂಡು, ಬೆಚ್ಚಗಿನ ಮಣ್ಣಿನದರಿಂದ ಹೆಣ್ಣು. ಅಂಗಡಿಯ ಮರಿಯನ್ನು ನೋಡಿ ಯಾರೂ ಹೇಳಲಾರರು. ಚಿಪ್ಪು ಸುಮಾರು 10 ಸೆಂಟಿಮೀಟರ್ ದಾಟಿದ ಮೇಲೆ ಗಂಡಿನ ಮುಂಗಾಲಿನ ಉಗುರು ಉದ್ದವಾಗುತ್ತದೆ, ಬಾಲ ದಪ್ಪವಾಗುತ್ತದೆ. ಹೆಣ್ಣು ಬೆಳೆಯುತ್ತಲೇ ಹೋಗಿ 25ರಿಂದ 30 ಸೆಂಟಿಮೀಟರ್ ತಲುಪಬಹುದು, ಗಂಡು ಸಾಮಾನ್ಯವಾಗಿ 20ರ ಒಳಗೇ ನಿಲ್ಲುತ್ತದೆ. ಆಗ ತೊಂದರೆ ತಿರುಗುಮುರುಗು. ಸಣ್ಣ ಗಂಡು ದೊಡ್ಡ ಹೆಣ್ಣಿನ ಮುಖದ ಮುಂದೆ ಉಗುರು ಅದುರಿಸುತ್ತ, ಕತ್ತು ಕಚ್ಚುತ್ತ ಹಗಲಿಡೀ ಬೆನ್ನು ಹತ್ತುತ್ತದೆ. ಹೆಣ್ಣು ತಿನ್ನುವುದನ್ನು ಬಿಡುತ್ತದೆ. ಎರಡೂ ಗಂಡಾಗಿದ್ದರೆ ಜಗಳ ಖಂಡಿತ. ಒಟ್ಟಿಗೆ ಇಡಲೇಬೇಕೆಂದರೆ ಸಮಗಾತ್ರದ ಎರಡು ಹೆಣ್ಣುಗಳನ್ನು ಇಡುವುದರಲ್ಲಿ ಅಪಾಯ ಕಡಿಮೆ. ಬೇರೆ ಬೇರೆ ಜಾತಿಯನ್ನು ಬೆರೆಸುವ ಮಾತೇ ಬೇಡ.

ನಾನು ಅನುಸರಿಸುವ, ಕೇಳಿದವರಿಗೆಲ್ಲ ಹೇಳುವ ನಿಯಮ ಇಷ್ಟು. 10 ಸೆಂಟಿಮೀಟರ್ ಆಗುವವರೆಗೆ ಮರಿಗೆ ಅದರದ್ದೇ ತೊಟ್ಟಿ. ಆಮೇಲೂ ಅದು ದೊಡ್ಡದರ ಮುಕ್ಕಾಲು ಭಾಗದಷ್ಟಾದರೂ ಇಲ್ಲದಿದ್ದರೆ ಜೊತೆಗೆ ಬಿಡಬಾರದು. ಬಿಟ್ಟ ಮೇಲೂ ಗಾಯ ಕಂಡ ದಿನವೇ ಬೇರೆ ಮಾಡಬೇಕು, ಮತ್ತೊಂದು ಅವಕಾಶ ಕೊಟ್ಟು ನೋಡುವುದು ಬೇಡ. ಅಳತೆ ತೆಗೆಯುವಾಗ ಟೇಪನ್ನು ಬೆನ್ನಿನ ಉಬ್ಬಿನ ಮೇಲೆ ಹಾಯಿಸಬೇಡಿ. ಮಕ್ಕಳ ಸ್ಕೇಲನ್ನು ಪಕ್ಕದಲ್ಲಿ ನೇರ ಇಟ್ಟು ಚಿಪ್ಪಿನ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ನೋಡಿ, ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಜಾಗದ ಲೆಕ್ಕ ಕೇಳಿದರೆ ಬಹಳ ಮಂದಿ ಬೆಚ್ಚುತ್ತಾರೆ. ಚಿಪ್ಪಿನ ಒಂದು ಇಂಚಿಗೆ ಸುಮಾರು 40 ಲೀಟರ್ ನೀರು ಎಂಬುದು ಆಮೆ ಸಾಕುವವರಲ್ಲಿ ಬಳಕೆಯಲ್ಲಿರುವ ಅಂದಾಜು. ಎಂಟಿಂಚಿನ ಒಂದು ಆಮೆಗೆ 300 ಲೀಟರ್ ದಾಟುತ್ತದೆ, ಎರಡನೆಯದು ಬಂದರೆ ಅದರ ಅರ್ಧದಷ್ಟಾದರೂ ಹೆಚ್ಚಿಸಬೇಕು. ಇಷ್ಟು ದೊಡ್ಡ ಗಾಜಿನ ತೊಟ್ಟಿ ದುಬಾರಿ. ನಮ್ಮ ಕಡೆ ಬೇರೆ ದಾರಿಗಳಿವೆ. ಹಳೆಯ ಸಿಂಟೆಕ್ಸ್ ಟ್ಯಾಂಕನ್ನು ಅಡ್ಡ ಕೊಯ್ದರೆ ಎರಡು ಆಮೆಗೆ ಎರಡು ತೊಟ್ಟಿ. ಹಟ್ಟಿ ಖಾಲಿಯಾದ ಮನೆಗಳಲ್ಲಿ ಕಲಗಚ್ಚಿನ ಸಿಮೆಂಟ್ ಬಾನಿ ಸುಮ್ಮನೆ ಬಿದ್ದಿರುತ್ತದೆ. ಮುರಕಲ್ಲಿನಲ್ಲಿ ಅಂಗಳದ ಕೊಳ ಕಟ್ಟುವವರು ಒಳಮೈಯನ್ನು ನುಣ್ಣಗೆ ಗಾರೆ ಮಾಡಿಸಬೇಕು, ಇಲ್ಲದಿದ್ದರೆ ಕಲ್ಲಿನ ಒರಟಿಗೆ ಹೊಟ್ಟೆಯ ಚಿಪ್ಪು ತರಚಿ ಅಲ್ಲಿಂದ ಕೊಳೆಯಲು ಶುರುವಾಗುತ್ತದೆ. ಹೊರಗಿನ ತೊಟ್ಟಿಯ ಮೇಲೆ ಹೊದಿಕೆ ಬೇಕೇ ಬೇಕು. ಕಾಗೆ, ಗರುಡ, ಮುಂಗುಸಿ ಯಾವುದಕ್ಕೂ ಮರಿಯಾಮೆ ಒಂದು ತುತ್ತು. ಗಂಗೊಳ್ಳಿಯ ಹಳೆ ಬಲೆಯ ತುಂಡು ಸಾಕು, ಆದರೆ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಲೆ ನೀರಿಗೆ ಇಳಿಬಿದ್ದರೆ ಆಮೆಯ ಕತ್ತೇ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಎರಡು ತೊಟ್ಟಿಗೆ ಜಾಗವೇ ಇಲ್ಲದಿದ್ದರೆ ದೊಡ್ಡ ತೊಟ್ಟಿಯ ನಡುವೆ ಗಟ್ಟಿ ಅಡ್ಡಗೋಡೆ ನಿಲ್ಲಿಸಬಹುದು. ಅದು ಪಾರದರ್ಶಕವಾಗಿರದಿರಲಿ, ಆಚೆ ಬದಿಯದ್ದು ಕಾಣುತ್ತಿದ್ದರೆ ದೊಡ್ಡದು ದಿನವಿಡೀ ಅದಕ್ಕೆ ಗುದ್ದುತ್ತಿರುತ್ತದೆ. ಸಮಗಾತ್ರದವನ್ನು ಜೊತೆಗಿಟ್ಟವರು ಕೂಡ ಹತ್ತಿ ಕೂರುವ ಜಾಗವನ್ನು ಎರಡು ಕಡೆ ಮಾಡಬೇಕು, ಊಟವನ್ನು ಬೇರೆ ಬೇರೆ ಬಕೆಟಿನಲ್ಲಿ ಕೊಡಬೇಕು. ಬಕೆಟಿನಲ್ಲಿ ತಿನ್ನಿಸಿದರೆ ತೊಟ್ಟಿಯ ನೀರೂ ಬೇಗ ಕೆಡುವುದಿಲ್ಲ.

ಚಿಕ್ಕಮ್ಮನ ಮರಿಯ ಕಣ್ಣು ಊದಿದ್ದಕ್ಕೆ ಕಡಿತವೊಂದೇ ಕಾರಣವಾಗಿರಲಿಲ್ಲ ಎಂದು ಈಗ ಅನಿಸುತ್ತದೆ. ಅದಕ್ಕೆ ದಿನವೂ ಸಿಗುತ್ತಿದ್ದದ್ದು ಒಣ ಚಟ್ಲಿ (ಸಿಗಡಿ) ಮಾತ್ರ, ಅದೂ ದೊಡ್ಡದು ತಿಂದು ಬಿಟ್ಟದ್ದು. ಬರೀ ಒಣ ಚಟ್ಲಿ ತಿಂದ ಆಮೆಗೆ ಎ ಜೀವಸತ್ವದ ಕೊರತೆಯಾಗಿ ಕಣ್ಣಿನ ರೆಪ್ಪೆ ಊದುತ್ತದೆ. ಕಣ್ಣು ಕಾಣದೆ ಅದು ಊಟ ಬಿಡುತ್ತದೆ. ಸಂತೆಯ ಒಣಮೀನಿನಲ್ಲಿ ಉಪ್ಪು ಬೇರೆ. ಆಮೆಗೆಂದೇ ಬರುವ ಕಾಳು, ಎರೆಹುಳ, ಉಪ್ಪು ತಾಗದ ಸಣ್ಣ ಮೀನು ಮರಿಗೆ ಒಳ್ಳೆಯದು. ಬೆಳೆದ ಹಾಗೆ ಸೊಪ್ಪಿನ ಪಾಲು ಹೆಚ್ಚಬೇಕು, ದಾಸವಾಳದ ಎಲೆ, ಹೂ, ಕೆರೆಯಲ್ಲಿ ತೇಲುವ ಸಣ್ಣ ನೀರುಸಸ್ಯ ಎಲ್ಲ ಆದೀತು. ಬಸಳೆ ನಿತ್ಯ ಬೇಡ, ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ದೊಡ್ಡದು, ಸಣ್ಣದು ಎರಡರ ಊಟ ಬೇರೆಯಾದ್ದರಿಂದಲೂ ತೊಟ್ಟಿ ಬೇರೆಯಿದ್ದರೆ ಅನುಕೂಲ.

ಇನ್ನು ನಮ್ಮೂರಿನ ಮಳೆಗಾಲ. ಆಮೆ ಸಾಕುವ ಬೇರೆ ಊರಿನವರಿಗೆ ಇಲ್ಲದ ಕಷ್ಟ ನಮಗೆ ಇಲ್ಲಿದೆ. ಚಳಿಯ ಭಯ ನಮಗಿಲ್ಲ, ನೀರು ಕಾಯಿಸುವ ಹೀಟರ್ ಕರಾವಳಿಯಲ್ಲಿ ಬೇಕಾಗುವುದು ಅಪರೂಪ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವ ದಿನ ಎಷ್ಟು? ಆಮೆಯ ಚಿಪ್ಪು ಮೂಳೆಯೇ. ಸೂರ್ಯನ ಅತಿನೇರಳೆ ಕಿರಣ ತಾಗಿದರೆ ಮಾತ್ರ ಅದರ ಮೈಯಲ್ಲಿ ಡಿ ಜೀವಸತ್ವ ತಯಾರಾಗಿ ತಿಂದ ಸುಣ್ಣ ಚಿಪ್ಪಿಗೆ ಸೇರುತ್ತದೆ. ಮೈ ಪೂರ್ತಿ ಒಣಗದಿದ್ದರೆ ಚಿಪ್ಪಿನ ಸಂದಿಗಳಲ್ಲಿ ಕೊಳೆ ಹಿಡಿಯುತ್ತದೆ. ಕಿಟಕಿಯ ಗಾಜಿನ ಹಿಂದೆ ತೊಟ್ಟಿ ಇಟ್ಟರೆ ಬೆಳಕು ಬರುತ್ತದೆ, ಬೇಕಾದ ಕಿರಣ ಗಾಜು ದಾಟುವುದಿಲ್ಲ. ಅದಕ್ಕೆ ‘ಯುವಿಬಿ’ ದೀಪ ಬೇಕು. ಉರಿಯುತ್ತಿದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಅದರ ಸತ್ವ ಕುಗ್ಗುವುದರಿಂದ ಪ್ರತಿ ಮುಂಗಾರಿಗೆ ಮೊದಲು ಹೊಸತು ಹಾಕಬೇಕು. ಒಂದೇ ದೀಪ, ಒಂದೇ ಒಣ ಜಾಗ ಇರುವ ತೊಟ್ಟಿಯಲ್ಲಿ ಮಳೆಗಾಲದ ನಾಲ್ಕು ತಿಂಗಳೂ ದೊಡ್ಡದು ಅದರಡಿ ಕೂತಿದ್ದರೆ ಸಣ್ಣದು ನಾಲ್ಕು ತಿಂಗಳೂ ನೀರಿನಲ್ಲೇ. ಚಿಕ್ಕಮ್ಮನ ಮನೆಯಲ್ಲಿ ಆದದ್ದೂ ಇಂಥದ್ದೇ. ಬೇಸಿಗೆಯಲ್ಲಿ ಹೇಗೋ ನಡೆದದ್ದು ಆಸಾಡಿಯಲ್ಲಿ ಕೆಟ್ಟಿತು. ಬಿಸಿಲು ಬಂದ ದಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಅಂಗಳಕ್ಕೆ ಇಡುವುದಾದರೆ ಅರ್ಧ ಭಾಗಕ್ಕೆ ನೆರಳಿರಲಿ, ಪಕ್ಕದಲ್ಲಿ ಯಾರಾದರೂ ಕೂತಿರಲಿ. ಗಾಜಿನ ತೊಟ್ಟಿಯನ್ನೇ ಬಿಸಿಲಿಗೆ ಇಟ್ಟರೆ ಗಳಿಗೆಯೊಳಗೆ ನೀರು ಕಾದು ಆಮೆ ಬೆಂದುಹೋಗುತ್ತದೆ.

ಹೊಸದಾಗಿ ತಂದ ಆಮೆಯನ್ನು, ಗಾತ್ರ ಸರಿಹೊಂದಿದರೂ, ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ ಇಡಿ. ಅದರ ಹೊಟ್ಟೆಯ ಹುಳು, ಚಿಪ್ಪಿನ ರೋಗ ಹಳೆಯದಕ್ಕೆ ಅಂಟಬಾರದು. ಗಾಯವಾದರೆ ನೀರಿನಿಂದ ತೆಗೆದು, ತೆಳು ಮಾಡಿದ ಬೆಟಾಡಿನ್‌ನಿಂದ ತೊಳೆದು, ಒಣ ಬಟ್ಟೆಯ ಮೇಲಿಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ. ಒಂದು ಮಾತನ್ನು ಮಾತ್ರ ನೆನಪಿಟ್ಟು ವೈದ್ಯರಿಗೂ ಹೇಳಿ: ದನ, ನಾಯಿಗಳ ಹುಳುವಿಗೆ ಎಲ್ಲೆಡೆ ಬಳಸುವ ಐವರ್ಮೆಕ್ಟಿನ್ ಆಮೆಗೆ ವಿಷ. ಮನೆಯಲ್ಲಿ ಉಳಿದ ದನದ ಔಷಧಿಯನ್ನು ಆಮೆಗೆ ಹಾಕಿ ನೋಡುವ ಪ್ರಯೋಗ ಖಂಡಿತ ಬೇಡ.

ಮನುಷ್ಯರ ಮಾತೂ ಇದೆ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಪುಟ್ಟ ಮಕ್ಕಳು ಮರಿಯಾಮೆಯನ್ನು ಬಾಯಿಗೆ ಹಾಕಿಕೊಂಡು ಭೇದಿ, ಜ್ವರಕ್ಕೆ ಬಿದ್ದದ್ದರಿಂದಲೇ ಅಮೆರಿಕದಲ್ಲಿ ನಾಲ್ಕಿಂಚಿಗಿಂತ ಸಣ್ಣ ಆಮೆಯ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ನಮ್ಮಲ್ಲಿ ಅಂಗಡಿಗೆ ಬರುವುದೆಲ್ಲ ನಾಲ್ಕಿಂಚಿಗಿಂತ ಬಹಳ ಸಣ್ಣದೇ. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ, ತೆಂಗಿನ ಬುಡಕ್ಕೆ ಹಾಕಿ. ಮುಟ್ಟಿದ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ ಹೊಳೆಯುವ ಸುಲಭದ ದಾರಿ ಒಂದಿದೆ: ದೊಡ್ಡದನ್ನು ಒಯ್ದು ದೇವಸ್ಥಾನದ ಕೆರೆಗೆ ಬಿಡುವುದು. ಕೂರ್ಮಾವತಾರದ ಪ್ರಾಣಿ, ದೇವರ ಕೆರೆಯಲ್ಲಿ ಯಾರೂ ಹಿಡಿಯುವುದಿಲ್ಲ, ಪುಣ್ಯವೂ ಬಂತು ಎಂಬ ಭಾವನೆ. ಬಿಡುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ 2018ರಲ್ಲಿ ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ ಇದೇ ಕೆಂಪು ಪಟ್ಟೆಯ ಆಮೆ ಕಾಣಿಸಿತು. ಅದೇ ವರ್ಷ ಕೇರಳದ ತ್ರಿಶೂರಿನ ಕಾಲತ್ತೋಡಿನ ಕಾಲುವೆಯಲ್ಲೂ ಸಿಕ್ಕಿತು. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಜನರಿಗೆ ತಿಳಿಹೇಳಿ ಇಂಥ ಆಮೆಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ಇಳಿಯಬೇಕಾಯಿತು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಯುರೋಪಿನ ದೇಶಗಳು 1997ರಲ್ಲೇ ಇದರ ಆಮದನ್ನು ನಿಲ್ಲಿಸಿದ್ದವು.

ತೊಟ್ಟಿಯಲ್ಲಿ ದೊಡ್ಡದು ಸಣ್ಣದಕ್ಕೆ ಮಾಡಿದ್ದನ್ನೇ ಅದು ಕೆರೆಯಲ್ಲಿ ನಮ್ಮ ಕಪ್ಪಾಮೆಗೆ ಮಾಡುತ್ತದೆ. ಬಿಸಿಲಿನ ಕಲ್ಲು, ತಿನ್ನುವ ಹುಳ, ಮೊಟ್ಟೆಯಿಡುವ ದಂಡೆ ಎಲ್ಲವನ್ನೂ ಮೊದಲು ಹಿಡಿಯುತ್ತದೆ. ಮೂವತ್ತು ವರ್ಷ ಬದುಕಬಲ್ಲ ಜೀವಿ, ಬಿಟ್ಟವರು ಮರೆತ ಮೇಲೂ ಅಲ್ಲೇ ಇರುತ್ತದೆ. ಬಾರಕೂರಿನ ಹಳೆಯ ಕೆರೆಗಳು, ಮಂದಾರ್ತಿಯ ಆಸುಪಾಸಿನ ಮದಗಗಳು, ಕೊಲ್ಲೂರಿನ ಸೌಪರ್ಣಿಕಾ, ಸೀತಾನದಿ, ಇವೆಲ್ಲ ನಮ್ಮ ಆಮೆಗಳ ಮನೆ. ತೆಂಕಲಿಗೆ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ, ಲೋಕದಲ್ಲೇ ಅಪರೂಪವಾದ ದೈತ್ಯ ಮೆದುಚಿಪ್ಪಿನ ಆಮೆ ಇನ್ನೂ ಮೊಟ್ಟೆಯಿಡುತ್ತಿರುವುದನ್ನು ಸಂಶೋಧಕರು ಹೊಳೆಬದಿಯ ಜನರ ನೆರವಿನಿಂದಲೇ ಕಂಡುಕೊಂಡರು. ಇಂಥ ನೀರಿಗೆ ಅಂಗಡಿಯ ಆಮೆ ಇಳಿಯಬಾರದು.

ಚಿಕ್ಕಮ್ಮನ ದೊಡ್ಡಾಮೆ ಈಗ ಹಿತ್ತಿಲಿನ ಸಿಮೆಂಟ್ ಬಾನಿಯಲ್ಲಿ ಒಂಟಿಯಾಗಿದೆ, ಚೆನ್ನಾಗಿದೆ. ನಿಮ್ಮ ಮನೆಯಲ್ಲಿ ಗಾತ್ರ ಹೊಂದದ ಎರಡು ಆಮೆ ಒಂದೇ ತೊಟ್ಟಿಯಲ್ಲಿದ್ದರೆ ಇವತ್ತೇ ಒಂದನ್ನು ಬಕೆಟಿಗಾದರೂ ಬದಲಿಸಿ, ತೊಟ್ಟಿಯ ಯೋಚನೆ ನಾಳೆ ಮಾಡಿ. ಸಾಕಲು ಆಗುವುದೇ ಇಲ್ಲ ಎಂದಾದರೆ ತಂದ ಅಂಗಡಿಯವರನ್ನೋ ಸಾಕಬಲ್ಲ ಮತ್ತೊಬ್ಬರನ್ನೋ ಕೇಳಿ, ಹೊಳೆಗೂ ಕೆರೆಗೂ ಬಿಡಬೇಡಿ. ನಮ್ಮ ಊರಿನ ಆಮೆ ಯಾರದೋ ತೊಟ್ಟಿಯಲ್ಲಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಜೊತೆಗಿರಲೆಂದು ಇನ್ನೊಂದು ಮರಿ ತರಲು ಹೊರಟವರು ದಯವಿಟ್ಟು ತರಬೇಡಿ.